ಬೇಸಲ್ ಗ್ಯಾಂಗ್ಲಿಯಾ ನರಕೋಶಗಳ ಸ್ವಯಂಸ್ಪಂದನದ ಏರುಪೇರು

ಬೇಸಲ್ ಗ್ಯಾಂಗ್ಲಿಯಾ ನರಕೋಶಗಳ ಸ್ವಯಂಸ್ಪಂದನದ ಏರುಪೇರು ಎಂಬುದು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ (ತಳದ ನರಗಂಟುಗಳು) ಎಂಬ ರಚನೆಗಳ ನರಕೋಶಗಳಿಗೆ ಸಂಬಂಧಿಸಿದ ವಿದ್ಯಮಾನ. ನಿರ್ದಿಷ್ಟ ಪ್ರಚೋದನೆಯಾಗಲಿ ಚಲನೆಯಾಗಲಿ ಇಲ್ಲದ ಹೊತ್ತಿನಲ್ಲಿಯೂ ಈ ನರಕೋಶಗಳು ವಿದ್ಯುತ್ ಸ್ಪಂದಗಳನ್ನು ಹೊರಡಿಸುತ್ತಿರುತ್ತವೆ. ಒಂದು ಸ್ಪಂದದಿಂದ ಇನ್ನೊಂದು ಸ್ಪಂದಕ್ಕಿರುವ ಕಾಲಾವಧಿಯು ಸದಾ ಒಂದೇ ಆಗಿರದೆ ಬದಲಾಗುತ್ತಿರುವುದನ್ನು ಏರುಪೇರು ಎಂದು ಕರೆಯಲಾಗುತ್ತದೆ. ಈ ಬದಲಾವಣೆಯ ಪ್ರಮಾಣವು ನರಕೋಶದ ಬಗೆ, ಪ್ರಾಣಿಯ ಎಚ್ಚರದ ಸ್ಥಿತಿ, ಡೋಪಮೈನ್ ಎಂಬ ನರವಾಹಕದ ಲಭ್ಯತೆ ಹಾಗೂ ರೋಗಸ್ಥಿತಿಗಳನ್ನು ಅವಲಂಬಿಸಿದೆ.

ಬಹುಕಾಲ ಈ ಏರುಪೇರನ್ನು ಅಳತೆಗೆ ಅಡ್ಡಬರುವ ಗದ್ದಲವೆಂದು ಭಾವಿಸಿ, ಸರಾಸರಿ ಸ್ಪಂದನ ದರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತಿತ್ತು. ಪಾರ್ಕಿನ್‌ಸನ್ ಕಾಯಿಲೆಯ ಅಧ್ಯಯನಗಳು ಈ ದೃಷ್ಟಿಯನ್ನು ಬದಲಾಯಿಸಿದವು. ರೋಗದಲ್ಲಿ ನರಕೋಶಗಳು ಎಷ್ಟು ಬಾರಿ ಸ್ಪಂದಿಸುತ್ತವೆ ಎಂಬುದರಷ್ಟೇ, ಆ ಸ್ಪಂದಗಳು ಕಾಲದಲ್ಲಿ ಹೇಗೆ ಹಂಚಿಕೊಂಡಿವೆ ಮತ್ತು ನೆರೆಯ ನರಕೋಶಗಳ ಸ್ಪಂದಗಳೊಡನೆ ಹೇಗೆ ಹೊಂದಿಕೊಂಡಿವೆ ಎಂಬುದೂ ಮುಖ್ಯವೆಂದು ಈಗ ತಿಳಿಯಲಾಗಿದೆ.

ಹಿನ್ನೆಲೆ

ಬೇಸಲ್ ಗ್ಯಾಂಗ್ಲಿಯಾ ಒಂದೇ ಅಂಗವಲ್ಲ. ಪರಸ್ಪರ ಜೋಡಿಸಿಕೊಂಡ ಹಲವು ನರಕೇಂದ್ರಗಳ ಗುಂಪು. ಸ್ಟ್ರಯೇಟಮ್, ಗ್ಲೋಬಸ್ ಪ್ಯಾಲಿಡಸ್‌ನ ಹೊರಭಾಗ ಮತ್ತು ಒಳಭಾಗ, ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಹಾಗೂ ಸಬ್‌ಸ್ಟ್ಯಾನ್ಷಿಯಾ ನೈಗ್ರಾದ ಎರಡು ಭಾಗಗಳು (ಕಾಂಪ್ಯಾಕ್ಟಾ ಮತ್ತು ರೆಟಿಕ್ಯುಲೇಟಾ) ಇವುಗಳಲ್ಲಿ ಮುಖ್ಯವಾದವು. ಮಿದುಳಿನ ತೊಗಟೆಯಿಂದ ಬರುವ ಸಂದೇಶಗಳು ಪ್ರಧಾನವಾಗಿ ಸ್ಟ್ರಯೇಟಮ್ ಮತ್ತು ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗಳ ಮೂಲಕ ಈ ಜಾಲವನ್ನು ಪ್ರವೇಶಿಸುತ್ತವೆ. ಪ್ಯಾಲಿಡಸ್‌ನ ಒಳಭಾಗ ಮತ್ತು ರೆಟಿಕ್ಯುಲೇಟಾಗಳು ಈ ಜಾಲದ ಹೊರಬಾಗಿಲುಗಳು. ಇವೆರಡರ ನರಕೋಶಗಳು ಗಾಬಾ ಎಂಬ ಪ್ರತಿಬಂಧಕ ನರವಾಹಕವನ್ನು ಬಿಡುಗಡೆ ಮಾಡಿ ಥಲಾಮಸ್ ಮತ್ತು ಮಿದುಳಕಾಂಡದ ಕೇಂದ್ರಗಳನ್ನು ತಡೆಹಿಡಿಯುತ್ತವೆ.

ಹೊರಬಾಗಿಲಿನ ನರಕೋಶಗಳು ವಿಶ್ರಾಂತಿಯಲ್ಲಿಯೂ ಎಡೆಬಿಡದೆ ಸ್ಪಂದಿಸುವುದರಿಂದ ಈ ತಡೆ ಸದಾ ಜಾರಿಯಲ್ಲಿರುತ್ತದೆ. ಯಾವುದಾದರೊಂದು ಚಲನೆ ನಡೆಯಬೇಕಾದಾಗ ಅದಕ್ಕೆ ಸಂಬಂಧಿಸಿದ ಕೆಲವು ನರಕೋಶಗಳ ಸ್ಪಂದನ ತಗ್ಗಿ ತಡೆ ಸಡಿಲಗೊಳ್ಳುತ್ತದೆ ಎಂಬುದು ಒಪ್ಪಿತ ವಿವರಣೆ. ಹೀಗೆ ಬೇಸಲ್ ಗ್ಯಾಂಗ್ಲಿಯಾದಲ್ಲಿ ಸ್ವಯಂಸ್ಪಂದನವು ಸಂದೇಶವಿಲ್ಲದ ಹೊತ್ತಿನ ಖಾಲಿ ಹಿನ್ನೆಲೆಯಲ್ಲ. ಸಂದೇಶ ಬರೆಯಲ್ಪಡುವ ಹಲಗೆಯೇ ಅದು. ಆದ್ದರಿಂದ ಅದರ ಏರುಪೇರಿಗೆ ಇತರ ಹಲವು ಮಿದುಳಿನ ಭಾಗಗಳಲ್ಲಿ ಇಲ್ಲದ ಮಹತ್ವ ಇಲ್ಲಿದೆ.

ಅಳೆಯುವ ವಿಧಾನಗಳು

ಕೂದಲಿಗಿಂತ ಸಪೂರವಾದ ತುದಿಯುಳ್ಳ ಲೋಹದ ವಿದ್ಯುದ್ವಾರವನ್ನು ನರಕೋಶದ ಸಮೀಪಕ್ಕೆ ಇಳಿಸಿ ಅದರ ಸ್ಪಂದಗಳ ಸಮಯವನ್ನು ದಾಖಲಿಸಲಾಗುತ್ತದೆ. ಎರಡು ಅನುಕ್ರಮ ಸ್ಪಂದಗಳ ನಡುವಿನ ಅವಧಿಗೆ ಸ್ಪಂದಾಂತರ ಎಂದು ಹೆಸರು. ಏರುಪೇರನ್ನು ಅಳೆಯುವ ಬಹುತೇಕ ಸೂಚ್ಯಂಕಗಳು ಸ್ಪಂದಾಂತರಗಳ ಪಟ್ಟಿಯನ್ನೇ ಆಧರಿಸಿವೆ.

ವಿಚಲನ ಗುಣಾಂಕ: ಸ್ಪಂದಾಂತರಗಳ ಮಾನಕ ವಿಚಲನೆಯನ್ನು ಅವುಗಳ ಸರಾಸರಿಯಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ. ಗಡಿಯಾರದಂತೆ ಕ್ರಮಬದ್ಧವಾಗಿ ಸ್ಪಂದಿಸುವ ನರಕೋಶಕ್ಕೆ ಇದು 0. ಸಂಪೂರ್ಣ ಯಾದೃಚ್ಛಿಕವಾದ, ಅಂದರೆ ಪ್ವಾಸಾನ್ ಪ್ರಕ್ರಿಯೆಯನ್ನು ಅನುಸರಿಸುವ ಸ್ಪಂದನಕ್ಕೆ ಇದು 1. ಸ್ಪಂದಗಳು ಗುಚ್ಛಗಳಾಗಿ ಬಂದು ನಡುವೆ ದೀರ್ಘ ವಿರಾಮಗಳಿದ್ದರೆ 1ಕ್ಕಿಂತ ಹೆಚ್ಚಾಗಬಹುದು.

ಸರಾಸರಿಯೊಂದೇ ಏಕೆ ಸಾಲದು ಎಂಬುದನ್ನು ಉದಾಹರಣೆಯಿಂದ ತಿಳಿಯಬಹುದು. ಒಂದು ನರಕೋಶ ಪ್ರತಿ 100 ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಸ್ಪಂದಿಸುತ್ತದೆ ಎಂದುಕೊಳ್ಳೋಣ. ಇನ್ನೊಂದರಲ್ಲಿ ಸ್ಪಂದಾಂತರಗಳು 20 ಮತ್ತು 180 ಮಿಲಿಸೆಕೆಂಡುಗಳಾಗಿ ಒಂದಾದ ಮೇಲೊಂದು ಬರುತ್ತವೆ. ಎರಡರ ಸರಾಸರಿ ದರವೂ ಸೆಕೆಂಡಿಗೆ 10. ಆದರೆ ಮೊದಲನೆಯದರ ವಿಚಲನ ಗುಣಾಂಕ 0, ಎರಡನೆಯದರದ್ದು 0.8. ಈ ನರಕೋಶಗಳಿಂದ ಸಂದೇಶ ಪಡೆಯುವ ಮುಂದಿನ ಕೋಶಕ್ಕೆ ಇವೆರಡೂ ಒಂದೇ ಅಲ್ಲ.

ಸ್ಥಳೀಯ ಸೂಚ್ಯಂಕಗಳು: ದಾಖಲೆಯ ಅವಧಿಯಲ್ಲಿ ನರಕೋಶದ ದರವೇ ನಿಧಾನವಾಗಿ ಏರಿದರೆ ಅಥವಾ ಇಳಿದರೆ, ಸ್ಪಂದನ ಕ್ರಮಬದ್ಧವಾಗಿದ್ದರೂ ವಿಚಲನ ಗುಣಾಂಕ ಹೆಚ್ಚಾಗಿ ಕಾಣುತ್ತದೆ. ಈ ದೋಷವನ್ನು ತಪ್ಪಿಸಲು ಅಕ್ಕಪಕ್ಕದ ಎರಡೆರಡು ಸ್ಪಂದಾಂತರಗಳನ್ನು ಮಾತ್ರ ಹೋಲಿಸುವ ಸೂಚ್ಯಂಕಗಳನ್ನು 1990ರ ದಶಕದಿಂದೀಚೆಗೆ ಬಳಸಲಾಗುತ್ತಿದೆ.

ಫ್ಯಾನೋ ಅಂಶ: ಸಮಾನ ಉದ್ದದ ಕಾಲಖಂಡಗಳಲ್ಲಿ ಬರುವ ಸ್ಪಂದಗಳನ್ನು ಎಣಿಸಿ, ಆ ಎಣಿಕೆಗಳ ವಿಚಲನವರ್ಗವನ್ನು ಸರಾಸರಿಯಿಂದ ಭಾಗಿಸಿ ಪಡೆಯುವ ಸಂಖ್ಯೆ. ಪ್ವಾಸಾನ್ ಪ್ರಕ್ರಿಯೆಗೆ ಇದೂ 1.

ಗುಚ್ಛ ಮತ್ತು ವಿರಾಮಗಳ ಪತ್ತೆ: ಸ್ಪಂದಗಳ ಒಂದು ಗುಂಪು ಕೇವಲ ಆಕಸ್ಮಿಕವಾಗಿ ಅಷ್ಟು ಒತ್ತಾಗಿ ಬರುವ ಸಂಭವ ಎಷ್ಟೆಂದು ಲೆಕ್ಕ ಹಾಕುವ ಪ್ವಾಸಾನ್ ಅಚ್ಚರಿ ವಿಧಾನವನ್ನು 1985ರಲ್ಲಿ ಲೆಜೆಂಡಿ ಮತ್ತು ಸಾಲ್ಕ್‌ಮನ್ ಪ್ರಕಟಿಸಿದರು. ಸಂಭವ ಕಡಿಮೆಯಾದಷ್ಟೂ ಅದು ನಿಜವಾದ ಗುಚ್ಛವೆಂಬ ತೀರ್ಮಾನ ಬಲಗೊಳ್ಳುತ್ತದೆ.

ಈ ಸಂಖ್ಯೆಗಳನ್ನು ಹೋಲಿಸುವಾಗ ಒಂದು ಎಚ್ಚರಿಕೆ ಅಗತ್ಯ. ಪ್ರತಿ ಸ್ಪಂದದ ನಂತರ ನರಕೋಶವು ಅಲ್ಪಕಾಲ ಮತ್ತೆ ಸ್ಪಂದಿಸಲಾರದು. ಈ ವಿಶ್ರಾಮಕಾಲ 2 ಮಿಲಿಸೆಕೆಂಡು ಎಂದಿಟ್ಟುಕೊಂಡರೆ, ಸೆಕೆಂಡಿಗೆ 70 ಬಾರಿ ಸ್ಪಂದಿಸುವ, ಉಳಿದಂತೆ ಪೂರ್ಣ ಯಾದೃಚ್ಛಿಕವಾದ ಕೋಶದ ವಿಚಲನ ಗುಣಾಂಕವೂ 1ರ ಬದಲು 0.86 ಆಗುತ್ತದೆ. ವೇಗದ ನರಕೋಶಗಳು ನಿಧಾನದವುಗಳಿಗಿಂತ ಕ್ರಮಬದ್ಧವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ವಿವಿಧ ಕೇಂದ್ರಗಳಲ್ಲಿ ಸ್ಪಂದನದ ಸ್ವರೂಪ

ಸ್ಟ್ರಯೇಟಮ್

ದಂಶಕಗಳ ಸ್ಟ್ರಯೇಟಮ್‌ನಲ್ಲಿ ಸುಮಾರು 95% ನರಕೋಶಗಳು ಮುಳ್ಳುಗಳುಳ್ಳ ಪ್ರಕ್ಷೇಪಕ ಕೋಶಗಳು. ಇವು ಬಹುಮಟ್ಟಿಗೆ ಮೌನವಾಗಿದ್ದು, ವಿಶ್ರಾಂತಿಯಲ್ಲಿ ಸೆಕೆಂಡಿಗೆ ಒಂದು ಸ್ಪಂದಕ್ಕಿಂತ ಕಡಿಮೆ ಹೊರಡಿಸುವುದು ಸಾಮಾನ್ಯ. ಅರಿವಳಿಕೆಯಲ್ಲಿರುವ ಪ್ರಾಣಿಗಳಲ್ಲಿ ಇವುಗಳ ಕೋಶಪೊರೆಯ ವಿಭವವು ಸುಮಾರು ಮೈನಸ್ 80 ಮಿಲಿವೋಲ್ಟಿನ ಕೆಳಸ್ಥಿತಿ ಮತ್ತು ಮೈನಸ್ 55 ಮಿಲಿವೋಲ್ಟಿನ ಆಸುಪಾಸಿನ ಮೇಲ್‌ಸ್ಥಿತಿಗಳ ನಡುವೆ ತೂಗಾಡುತ್ತದೆ. ತೊಗಟೆಯಿಂದ ಅನೇಕ ಸಂದೇಶಗಳು ಒಟ್ಟಿಗೆ ಬಂದಾಗ ಮಾತ್ರ ಕೋಶವು ಮೇಲ್‌ಸ್ಥಿತಿಗೆ ಏರುತ್ತದೆ.

ಇದೇ ಕೇಂದ್ರದಲ್ಲಿ ಅಲ್ಪಸಂಖ್ಯೆಯಲ್ಲಿರುವ ಅಸಿಟೈಲ್‌ಕೋಲೀನ್ ಕೋಶಗಳು ಇದಕ್ಕೆ ವಿರುದ್ಧ. ಇವು ಸೆಕೆಂಡಿಗೆ ಸುಮಾರು 2ರಿಂದ 10 ಬಾರಿ ನಿರಂತರವಾಗಿ ಸ್ಪಂದಿಸುತ್ತವೆ. ಬಹುಮಾನದ ಸೂಚನೆ ದೊರೆತಾಗ ಇವುಗಳಲ್ಲಿ ಹಲವು ಏಕಕಾಲಕ್ಕೆ ಅಲ್ಪ ವಿರಾಮ ತೆಗೆದುಕೊಳ್ಳುತ್ತವೆ. ಇಲ್ಲಿ ಸ್ಪಂದವಲ್ಲ, ಸ್ಪಂದದ ಅಭಾವವೇ ಸಂದೇಶವಾಗುತ್ತದೆ.

ಗ್ಲೋಬಸ್ ಪ್ಯಾಲಿಡಸ್

ಅಮೆರಿಕದ ನರವಿಜ್ಞಾನಿ ಮಾಲನ್ ಡಿಲಾಂಗ್ 1971ರಲ್ಲಿ ಎಚ್ಚರವಿರುವ ಕೋತಿಗಳ ಪ್ಯಾಲಿಡಸ್‌ನಿಂದ ಪಡೆದ ದಾಖಲೆಗಳು ಈ ಕ್ಷೇತ್ರದ ಅಡಿಪಾಯಗಳಲ್ಲಿ ಒಂದು. ಹೊರಭಾಗದ ಬಹುತೇಕ ಕೋಶಗಳು ಅತಿವೇಗವಾಗಿ ಸ್ಪಂದಿಸುತ್ತ, ನಡುನಡುವೆ ಸಂಪೂರ್ಣ ಮೌನದ ವಿರಾಮಗಳನ್ನು ತೆಗೆದುಕೊಳ್ಳುವುದನ್ನು ಅವರು ಗುರುತಿಸಿದರು. ಉಳಿದ ಕೆಲವು ಕೋಶಗಳು ನಿಧಾನವಾಗಿ, ಆಗಾಗ ಗುಚ್ಛಗಳೊಡನೆ ಸ್ಪಂದಿಸುತ್ತವೆ. ಒಳಭಾಗದ ಕೋಶಗಳು ಸೆಕೆಂಡಿಗೆ ಸುಮಾರು 60ರಿಂದ 80 ಬಾರಿ, ಅಂತಹ ದೀರ್ಘ ವಿರಾಮಗಳಿಲ್ಲದೆ ಸ್ಪಂದಿಸುತ್ತವೆ. ಹೊರಭಾಗದ ವಿರಾಮಗಳು ಸಾಮಾನ್ಯವಾಗಿ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿರುತ್ತವೆ.

ದಂಶಕಗಳಲ್ಲಿ ಹೊರಭಾಗದ ಕೋಶಗಳನ್ನು ಈಗ ಎರಡು ಮುಖ್ಯ ಬಗೆಗಳಾಗಿ ವಿಂಗಡಿಸಲಾಗಿದೆ. ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗೆ ತಂತುಗಳನ್ನು ಕಳುಹಿಸುವ ಮಾದರಿ ಕೋಶಗಳು ವೇಗವಾಗಿಯೂ ಹೆಚ್ಚು ಕ್ರಮಬದ್ಧವಾಗಿಯೂ ಸ್ಪಂದಿಸುತ್ತವೆ. ಸ್ಟ್ರಯೇಟಮ್‌ಗೆ ಹಿಂದಿರುಗುವ ತಂತುಗಳುಳ್ಳ ಆರ್ಕಿಪ್ಯಾಲಿಡಲ್ ಕೋಶಗಳು ನಿಧಾನ ಮತ್ತು ಅನಿಯಮಿತ.

ಸಬ್‌ಥಲಾಮಿಕ್ ನ್ಯೂಕ್ಲಿಯಸ್

ಈ ಜಾಲದ ಒಳಗಿನ ಪ್ರಮುಖ ಉತ್ತೇಜಕ ಕೇಂದ್ರವಿದು. ಆರೋಗ್ಯವಂತ ಕೋತಿಗಳಲ್ಲಿ ಇದರ ನರಕೋಶಗಳು ಸೆಕೆಂಡಿಗೆ ಸುಮಾರು 20ರಿಂದ 30 ಬಾರಿ, ಅನಿಯಮಿತವಾಗಿ ಸ್ಪಂದಿಸುತ್ತವೆ. ಆದರೆ ಮಿದುಳಿನಿಂದ ಬೇರ್ಪಡಿಸಿ ಪೋಷಕ ದ್ರವದಲ್ಲಿರಿಸಿದ ಅಂಗಾಂಶದ ತೆಳುಹೋಳಿನಲ್ಲಿ ಇದೇ ಬಗೆಯ ಕೋಶಗಳು ಗಡಿಯಾರದಂತೆ ಕ್ರಮಬದ್ಧವಾಗಿ ಮಿಡಿಯುತ್ತವೆ.

ಸಬ್‌ಸ್ಟ್ಯಾನ್ಷಿಯಾ ನೈಗ್ರಾ

ರೆಟಿಕ್ಯುಲೇಟಾ ಭಾಗದ ಗಾಬಾ ಕೋಶಗಳು ಪ್ಯಾಲಿಡಸ್‌ನ ಒಳಭಾಗದವುಗಳಂತೆ ವೇಗವಾಗಿ ಸ್ಪಂದಿಸುತ್ತವೆ. ಕಾಂಪ್ಯಾಕ್ಟಾ ಭಾಗದ ಡೋಪಮೈನ್ ಕೋಶಗಳು ನಿಧಾನ. ತೆಳುಹೋಳಿನಲ್ಲಿ ಇವು ಸೆಕೆಂಡಿಗೆ ಕೆಲವೇ ಬಾರಿ ಕ್ರಮಬದ್ಧವಾಗಿ ಮಿಡಿದರೆ, ಜೀವಂತ ಪ್ರಾಣಿಯಲ್ಲಿ ಅನಿಯಮಿತವಾಗಿ, ಕೆಲವೊಮ್ಮೆ ಗುಚ್ಛಗಳಾಗಿ ಸ್ಪಂದಿಸುತ್ತವೆ. ಗ್ರೇಸ್ ಮತ್ತು ಬನ್ನಿ 1984ರಲ್ಲಿ ಈ ಗುಚ್ಛಗಳಿಗೆ ನೀಡಿದ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಅದರಂತೆ ಸ್ಪಂದಾಂತರವು 80 ಮಿಲಿಸೆಕೆಂಡಿಗೆ ಅಥವಾ ಅದಕ್ಕಿಂತ ಕಡಿಮೆಗೆ ಇಳಿದಾಗ ಗುಚ್ಛ ಆರಂಭವಾಗುತ್ತದೆ. 160 ಮಿಲಿಸೆಕೆಂಡನ್ನು ಮೀರಿದಾಗ ಮುಗಿಯುತ್ತದೆ. ನಿರೀಕ್ಷೆಗಿಂತ ಹೆಚ್ಚಿನ ಬಹುಮಾನ ದೊರೆತಾಗ ಈ ಕೋಶಗಳ ಸ್ಪಂದನ ಕ್ಷಣಿಕವಾಗಿ ಏರುವುದನ್ನೂ, ನಿರೀಕ್ಷಿಸಿದ ಬಹುಮಾನ ತಪ್ಪಿದಾಗ ಇಳಿಯುವುದನ್ನೂ ವೋಲ್ಫ್ರಾಮ್ ಶುಲ್ಟ್ಜ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿದರು.

ಏರುಪೇರಿನ ಮೂಲಗಳು

ಬೇಸಲ್ ಗ್ಯಾಂಗ್ಲಿಯಾದ ಅನೇಕ ನರಕೋಶಗಳು ಹೃದಯದ ಗತಿನಿಯಾಮಕ ಕೋಶಗಳಂತೆ ತಮ್ಮಷ್ಟಕ್ಕೆ ತಾವೇ ಮಿಡಿಯಬಲ್ಲವು. ಪ್ರತಿ ಸ್ಪಂದದ ನಂತರ ಕೋಶಪೊರೆಯ ಸೋಡಿಯಂ ಕಾಲುವೆಗಳ ಮೂಲಕ ಒಳಹರಿಯುವ ಸಣ್ಣ ಪ್ರವಾಹವು ವಿಭವವನ್ನು ಮತ್ತೆ ಹೊಸ್ತಿಲ ಮಟ್ಟಕ್ಕೆ ಏರಿಸುತ್ತದೆ. ಹೊರಗಿನ ಸಂದೇಶವಿಲ್ಲದೆಯೂ ಸ್ಪಂದನ ಮುಂದುವರಿಯುವುದು ಇದರಿಂದಲೇ. ಡೋಪಮೈನ್ ಕೋಶಗಳ ಮಿಡಿತದೊಡನೆ ಕ್ಯಾಲ್ಸಿಯಂ ಕೂಡ ಒಳಹರಿಯುತ್ತದೆ. ಈ ನಿರಂತರ ಹೊರೆಯೇ ಆ ಕೋಶಗಳನ್ನು ದುರ್ಬಲಗೊಳಿಸುತ್ತದೆ ಎಂಬ ಊಹೆಯ ಮೇಲೆ ಇಸ್ರಾಡಿಪೀನ್ ಎಂಬ ಕ್ಯಾಲ್ಸಿಯಂ ತಡೆ ಔಷಧವನ್ನು ಪಾರ್ಕಿನ್‌ಸನ್ ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2020ರಲ್ಲಿ ಪ್ರಕಟವಾದ ಮೂರನೇ ಹಂತದ ಪ್ರಯೋಗದ ಫಲಿತಾಂಶದಂತೆ ಔಷಧವು ಕಾಯಿಲೆಯ ಮುನ್ನಡೆಯನ್ನು ತಗ್ಗಿಸಲಿಲ್ಲ.

ಕೋಶವು ತಾನಾಗಿ ಕ್ರಮಬದ್ಧವಾಗಿ ಮಿಡಿಯುವುದಾದರೆ ಜೀವಂತ ಮಿದುಳಿನಲ್ಲಿ ಕಾಣುವ ಅನಿಯಮಿತತೆ ಎಲ್ಲಿಂದ ಬರುತ್ತದೆ? ಮುಖ್ಯ ಉತ್ತರ ಸಿನಾಪ್ಸ್‌ಗಳಲ್ಲಿದೆ. ಸಾವಿರಾರು ಉತ್ತೇಜಕ ಮತ್ತು ಪ್ರತಿಬಂಧಕ ಸಂದೇಶಗಳು ಪ್ರತಿ ಸ್ಪಂದವನ್ನೂ ಸ್ವಲ್ಪ ಮುಂದೂಡುತ್ತವೆ ಅಥವಾ ಹಿಂದಕ್ಕೆಳೆಯುತ್ತವೆ. ಅಂದರೆ ಇಲ್ಲಿ ಸಂದೇಶವು ಸ್ಪಂದವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ, ಹೇಗೂ ಬರಲಿದ್ದ ಸ್ಪಂದದ ಸಮಯವನ್ನು ತಿದ್ದುತ್ತದೆ. ಅಯಾನು ಕಾಲುವೆಗಳು ಯಾದೃಚ್ಛಿಕವಾಗಿ ತೆರೆದು ಮುಚ್ಚುವುದು ಮತ್ತು ಸಿನಾಪ್ಸ್‌ನಲ್ಲಿ ನರವಾಹಕದ ಬಿಡುಗಡೆ ಖಚಿತವಾಗಿರದಿರುವುದು ಇತರ ಮೂಲಗಳು.

ಜಾಲದ ರಚನೆಯೂ ಮುಖ್ಯ. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಪ್ಯಾಲಿಡಸ್‌ನ ಹೊರಭಾಗವನ್ನು ಉತ್ತೇಜಿಸುತ್ತದೆ; ಪ್ಯಾಲಿಡಸ್ ಮರಳಿ ಅದನ್ನು ತಡೆಯುತ್ತದೆ. ಇಂತಹ ಕುಣಿಕೆಗೆ ಆಂದೋಲನ ಹುಟ್ಟಿಸುವ ಸಾಮರ್ಥ್ಯವಿದೆ. ಪ್ಲೆಂಜ್ ಮತ್ತು ಕಿತೈ 1999ರಲ್ಲಿ ಪ್ರಯೋಗಶಾಲೆಯಲ್ಲಿ ಬೆಳೆಸಿದ ಅಂಗಾಂಶದಲ್ಲಿ ಈ ಎರಡು ಕೇಂದ್ರಗಳು ಸೇರಿ ಲಯಬದ್ಧ ಗುಚ್ಛಗಳನ್ನು ಉಂಟುಮಾಡುವುದನ್ನು ವರದಿ ಮಾಡಿದರು.

ನರಕೋಶಗಳ ಪರಸ್ಪರ ಸ್ವಾತಂತ್ರ್ಯ

ಆರೋಗ್ಯವಂತ ಕೋತಿಯ ಪ್ಯಾಲಿಡಸ್‌ನಲ್ಲಿ ಅಕ್ಕಪಕ್ಕದ ಎರಡು ನರಕೋಶಗಳನ್ನು ಒಟ್ಟಿಗೆ ದಾಖಲಿಸಿದರೆ, ಒಂದರ ಸ್ಪಂದವನ್ನು ನೋಡಿ ಇನ್ನೊಂದರದ್ದನ್ನು ಊಹಿಸಲು ಬಹುತೇಕ ಸಾಧ್ಯವಾಗುವುದಿಲ್ಲ. ಇದು ಆಶ್ಚರ್ಯದ ಸಂಗತಿ. ಏಕೆಂದರೆ ಸ್ಟ್ರಯೇಟಮ್‌ನ ಅಪಾರ ಸಂಖ್ಯೆಯ ಕೋಶಗಳು ಪ್ಯಾಲಿಡಸ್‌ನ ಅತ್ಯಲ್ಪ ಕೋಶಗಳ ಮೇಲೆ ಬಂದು ಸೇರುವುದರಿಂದ, ನೆರೆಯ ಕೋಶಗಳಿಗೆ ಸಮಾನ ಸಂದೇಶಗಳು ದೊರೆತು ಅವು ಒಟ್ಟಿಗೆ ಸ್ಪಂದಿಸಬೇಕಿತ್ತು. ಪ್ರತಿ ಕೋಶಕ್ಕೂ ತನ್ನದೇ ಮಿಡಿತದ ವೇಗವಿದ್ದು, ಒಂದೇ ಸಂದೇಶವು ಬೇರೆಬೇರೆ ಕೋಶಗಳನ್ನು ಅವುಗಳ ಮಿಡಿತದ ಬೇರೆಬೇರೆ ಹಂತಗಳಲ್ಲಿ ತಲುಪುವುದು ಈ ಸ್ವಾತಂತ್ರ್ಯಕ್ಕೆ ನೀಡಲಾಗುವ ವಿವರಣೆಗಳಲ್ಲಿ ಒಂದು. ಕೋಶಗಳು ಹೀಗೆ ಬಿಡಿಬಿಡಿಯಾಗಿದ್ದಾಗ ಜಾಲವು ಹೆಚ್ಚು ಮಾಹಿತಿಯನ್ನು ಹೊರಬಲ್ಲದು. ನೂರು ಮಂದಿ ಒಂದೇ ಮಾತನ್ನು ಕೂಗುವುದಕ್ಕೂ ನೂರು ಮಂದಿ ನೂರು ಸಂಗತಿಗಳನ್ನು ತಿಳಿಸುವುದಕ್ಕೂ ಇರುವ ವ್ಯತ್ಯಾಸವಿದು.

ಎಚ್ಚರ, ನಿದ್ರೆ ಮತ್ತು ಅರಿವಳಿಕೆ

ಅರಿವಳಿಕೆ ನೀಡಿದ ಇಲಿಗಳಲ್ಲಿ ತೊಗಟೆಯು ಸೆಕೆಂಡಿಗೆ ಸುಮಾರು ಒಂದು ಬಾರಿಯಂತೆ ನಿಧಾನ ಅಲೆಗಳನ್ನು ಹೊರಡಿಸುತ್ತದೆ. ಆಗ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನ ಕೋಶಗಳು ಆ ಅಲೆಗಳನ್ನು ಅನುಸರಿಸಿ ಗುಚ್ಛಗಳಾಗಿ ಸ್ಪಂದಿಸುತ್ತವೆ. ತೊಗಟೆಯ ಅಲೆ ನಿಂತರೆ ಈ ಲಯವೂ ಕದಡುತ್ತದೆ. ಸಹಜ ನಿದ್ರೆಯಲ್ಲಿಯೂ ಸ್ಪಂದನದ ದರ ಮತ್ತು ವಿನ್ಯಾಸಗಳು ಬದಲಾಗುತ್ತವೆ. ಆದ್ದರಿಂದ ಅರಿವಳಿಕೆಯಲ್ಲಿ ಪಡೆದ ಅಳತೆಗಳನ್ನು ಎಚ್ಚರದ ಸ್ಥಿತಿಯ ಅಳತೆಗಳೊಡನೆ ನೇರವಾಗಿ ಹೋಲಿಸುವುದು ಸೂಕ್ತವಲ್ಲ.

ಕಲಿಕೆಯಲ್ಲಿ ಪಾತ್ರ

ಹೊಸ ಕೌಶಲವನ್ನು ಕಲಿಯುವ ಪ್ರಾಣಿಯು ಮೊದಲು ಬೇರೆಬೇರೆ ರೀತಿಯಲ್ಲಿ ಪ್ರಯತ್ನಿಸಿ, ಫಲ ನೀಡಿದ್ದನ್ನು ಉಳಿಸಿಕೊಳ್ಳಬೇಕಾಗುತ್ತದೆ. ಇಂತಹ ಪ್ರಯೋಗಶೀಲತೆಗೆ ಏರುಪೇರು ಅಗತ್ಯ. ಐಐಟಿ ಮದ್ರಾಸಿನ ವಿ. ಶ್ರೀನಿವಾಸ ಚಕ್ರವರ್ತಿ ಮತ್ತು ಸಂಗಡಿಗರು ರೂಪಿಸಿದ ಗಣಕ ಮಾದರಿಗಳಲ್ಲಿ, ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಮತ್ತು ಪ್ಯಾಲಿಡಸ್‌ನ ಹೊರಭಾಗಗಳ ಕುಣಿಕೆಯ ಸಂಕೀರ್ಣ ಚಟುವಟಿಕೆಯೇ ಈ ಅನ್ವೇಷಣೆಯ ಮೂಲವೆಂದು ಪ್ರತಿಪಾದಿಸಲಾಗಿದೆ.

ಹಾಡುಹಕ್ಕಿಗಳ ಅಧ್ಯಯನ ಈ ವಿಷಯದಲ್ಲಿ ಉಪಯುಕ್ತವಾಗಿದೆ. ಜೀಬ್ರಾ ಫಿಂಚ್ ಮರಿಗಳು ತೊದಲು ಹಾಡಿನಿಂದ ಆರಂಭಿಸಿ ಕ್ರಮೇಣ ಸ್ಥಿರವಾದ ಹಾಡನ್ನು ಕಲಿಯುತ್ತವೆ. ಬೇಸಲ್ ಗ್ಯಾಂಗ್ಲಿಯಾದ ಕುಣಿಕೆಗೆ ಸೇರಿದ ಮುಮ್ಮಿದುಳಿನ ಒಂದು ಕೇಂದ್ರವನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದರೆ ಮರಿಯ ಹಾಡಿನ ಏರುಪೇರು ತಟ್ಟನೆ ತಗ್ಗುತ್ತದೆ ಎಂದು 2005ರಲ್ಲಿ ವರದಿಯಾಯಿತು. ಆದರೆ ಬೇಸಲ್ ಗ್ಯಾಂಗ್ಲಿಯಾದ ಭಾಗವನ್ನೇ ತೆಗೆದರೂ ತೊದಲು ಹಾಡು ಉಳಿಯುತ್ತದೆ ಎಂದು 2011ರ ಅಧ್ಯಯನವೊಂದು ತೋರಿಸಿತು. ಹಾಗಾಗಿ ಏರುಪೇರು ಈ ಕುಣಿಕೆಯ ಯಾವ ಭಾಗದಲ್ಲಿ ಹುಟ್ಟುತ್ತದೆ ಎಂಬುದು ಚರ್ಚೆಯ ವಿಷಯವಾಗಿಯೇ ಇದೆ.

ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಬದಲಾವಣೆಗಳು

ಕಾಂಪ್ಯಾಕ್ಟಾದ ಡೋಪಮೈನ್ ಕೋಶಗಳು ನಾಶವಾಗುವುದರಿಂದ ಚಲನೆಯ ನಿಧಾನ, ಸೆಡೆತ ಮತ್ತು ನಡುಕಗಳು ಕಾಣಿಸಿಕೊಳ್ಳುತ್ತವೆ. ಇದನ್ನು ವಿವರಿಸಲು 1989–90ರಲ್ಲಿ ಆಲ್ಬಿನ್, ಯಂಗ್ ಮತ್ತು ಪೆನ್ನಿ ಹಾಗೂ ಡಿಲಾಂಗ್ ಮಂಡಿಸಿದ ದರ ಮಾದರಿಯು ಪ್ರಭಾವಶಾಲಿಯಾಯಿತು. ಅದರಂತೆ ಡೋಪಮೈನ್ ಕೊರತೆಯಿಂದ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಮತ್ತು ಪ್ಯಾಲಿಡಸ್‌ನ ಒಳಭಾಗಗಳ ಸ್ಪಂದನ ದರ ಏರಿ, ಥಲಾಮಸ್ ಅತಿಯಾಗಿ ತಡೆಹಿಡಿಯಲ್ಪಟ್ಟು, ಚಲನೆ ಕುಂಠಿತವಾಗುತ್ತದೆ. ಎಂಪಿಟಿಪಿ ಎಂಬ ವಿಷದಿಂದ ಪಾರ್ಕಿನ್‌ಸನ್ ಲಕ್ಷಣ ಬಂದ ಕೋತಿಗಳಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ಸನ್ನು ನಾಶಗೊಳಿಸಿದಾಗ ಲಕ್ಷಣಗಳು ಹಿಮ್ಮೆಟ್ಟುವುದನ್ನು ಬರ್ಗ್‌ಮನ್, ವಿಖ್‌ಮನ್ ಮತ್ತು ಡಿಲಾಂಗ್ 1990ರಲ್ಲಿ ತೋರಿಸಿದ್ದು ಈ ಮಾದರಿಗೆ ಬಲ ನೀಡಿತು.

ಆದರೆ ಮಾದರಿಗೆ ಹೊಂದದ ಸಂಗತಿಗಳೂ ಇದ್ದವು. ಲೆವೊಡೋಪಾ ಔಷಧದ ದೀರ್ಘ ಬಳಕೆಯಿಂದ ಬರುವ ಅನೈಚ್ಛಿಕ ಚಲನೆಗಳ ಸಮಯದಲ್ಲಿ ಪ್ಯಾಲಿಡಸ್‌ನ ಒಳಭಾಗದ ದರ ಕಡಿಮೆಯಾಗಿರುತ್ತದೆ. ದರವೊಂದೇ ಕಾರಣವಾಗಿದ್ದರೆ ಆ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ನಾಶಗೊಳಿಸಿದಾಗ ಅನೈಚ್ಛಿಕ ಚಲನೆಗಳು ಉಲ್ಬಣಿಸಬೇಕು. ವಾಸ್ತವದಲ್ಲಿ ಅವು ಗಣನೀಯವಾಗಿ ತಗ್ಗುತ್ತವೆ. ಕೆಟ್ಟ ವಿನ್ಯಾಸದ ಸಂದೇಶಕ್ಕಿಂತ ಸಂದೇಶವೇ ಇಲ್ಲದಿರುವುದು ಮೇಲು ಎಂಬ ವ್ಯಾಖ್ಯಾನ ಇದರಿಂದ ಮೂಡಿತು.

ಸ್ಪಂದನದ ವಿನ್ಯಾಸದಲ್ಲಿ ಮೂರು ಬಗೆಯ ಬದಲಾವಣೆಗಳು ಕಂಡುಬಂದಿವೆ. ಒಂದು, ಗುಚ್ಛಗಳು ಹೆಚ್ಚಾಗುತ್ತವೆ. ಎರಡು, ಆಂದೋಲನಗಳು ಕಾಣಿಸಿಕೊಳ್ಳುತ್ತವೆ. ಮೂರು, ನರಕೋಶಗಳ ಪರಸ್ಪರ ಸ್ವಾತಂತ್ರ್ಯ ನಷ್ಟವಾಗುತ್ತದೆ. ಆರೋಗ್ಯದಲ್ಲಿ ಸ್ವತಂತ್ರವಾಗಿದ್ದ ಪ್ಯಾಲಿಡಸ್‌ನ ಕೋಶಗಳು ಎಂಪಿಟಿಪಿ ನಂತರ ಏಕತಾಳದಲ್ಲಿ ಸ್ಪಂದಿಸತೊಡಗುವುದನ್ನು 1995ರಲ್ಲಿ ನಿನಿ ಮತ್ತು ಸಂಗಡಿಗರು ತೋರಿಸಿದರು. ಮಾನವ ರೋಗಿಗಳಲ್ಲಿ 13ರಿಂದ 30 ಹರ್ಟ್ಸ್ ವ್ಯಾಪ್ತಿಯ ಬೀಟಾ ಆಂದೋಲನಗಳು ಪ್ರಮುಖ. ಲೆವೊಡೋಪಾ ನೀಡಿದಾಗ ಇವು ತಗ್ಗುತ್ತವೆ ಎಂದು ಪೀಟರ್ ಬ್ರೌನ್ ಮತ್ತು ಸಂಗಡಿಗರು 2001ರಲ್ಲಿ ವರದಿ ಮಾಡಿದರು.

ಇಲ್ಲಿ ಮೇಲ್ನೋಟಕ್ಕೆ ವಿರೋಧಾಭಾಸವೊಂದು ಕಾಣುತ್ತದೆ. ರೋಗದಲ್ಲಿ ಒಂದೊಂದು ನರಕೋಶದ ವಿಚಲನ ಗುಣಾಂಕ ಹೆಚ್ಚಾಗಬಹುದು. ಆದರೆ ಇಡೀ ಜಾಲದ ವೈವಿಧ್ಯ ಕಡಿಮೆಯಾಗುತ್ತದೆ. ಆರೋಗ್ಯಕರ ಏರುಪೇರು ಪ್ರತಿ ಕೋಶಕ್ಕೂ ಪ್ರತ್ಯೇಕವಾದದ್ದು. ರೋಗದ ಏರುಪೇರು ಹಲವು ಕೋಶಗಳು ಒಟ್ಟಿಗೆ ಹಂಚಿಕೊಂಡದ್ದು.

ಇತರ ಚಲನ ವ್ಯಾಧಿಗಳು

ಸ್ನಾಯುಗಳು ಅನೈಚ್ಛಿಕವಾಗಿ ಬಿಗಿದುಕೊಳ್ಳುವ ಡಿಸ್ಟೋನಿಯಾದಲ್ಲಿ ಪ್ಯಾಲಿಡಸ್‌ನ ಒಳಭಾಗದ ಸ್ಪಂದನವು ಪಾರ್ಕಿನ್‌ಸನ್ ಕಾಯಿಲೆಗಿಂತ ನಿಧಾನವಾಗಿಯೂ, ಗುಚ್ಛ ಮತ್ತು ವಿರಾಮಗಳಿಂದ ಕೂಡಿ ಅನಿಯಮಿತವಾಗಿಯೂ ಇರುವುದು ಅನೇಕ ಶಸ್ತ್ರಚಿಕಿತ್ಸಾ ದಾಖಲೆಗಳಲ್ಲಿ ಕಂಡಿದೆ. ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನ ಹಾನಿಯಿಂದ ದೇಹದ ಒಂದು ಪಾರ್ಶ್ವದ ಕೈಕಾಲುಗಳು ರಭಸದಿಂದ ಎಸೆದಂತೆ ಚಲಿಸುವ ಹೆಮಿಬ್ಯಾಲಿಸಮ್‌ನಲ್ಲಿಯೂ ಪ್ಯಾಲಿಡಸ್‌ನ ದರ ತಗ್ಗಿರುತ್ತದೆ.

ಚಿಕಿತ್ಸೆಯಲ್ಲಿ ಬಳಕೆ

ಆಳ ಮಿದುಳಿನ ಪ್ರಚೋದನೆ ಎಂಬ ಚಿಕಿತ್ಸೆಯಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅಥವಾ ಪ್ಯಾಲಿಡಸ್‌ನ ಒಳಭಾಗದಲ್ಲಿ ವಿದ್ಯುದ್ವಾರವನ್ನು ನೆಟ್ಟು, ಸೆಕೆಂಡಿಗೆ ಸುಮಾರು 130 ವಿದ್ಯುತ್ ಮಿಡಿತಗಳನ್ನು ನೀಡಲಾಗುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಆಲಿಮ್ ಲೂಯಿ ಬೆನಬಿದ್ ಮತ್ತು ಸಂಗಡಿಗರು 1987ರಲ್ಲಿ ನಡುಕಕ್ಕಾಗಿ ಥಲಾಮಸ್‌ನ ಪ್ರಚೋದನೆಯನ್ನು ವರದಿ ಮಾಡಿದ ನಂತರ ಈ ವಿಧಾನ ಪ್ರಚಲಿತವಾಯಿತು. ಭಾರತದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಹಲವು ಕೇಂದ್ರಗಳಲ್ಲಿ ಈ ಚಿಕಿತ್ಸೆ ಲಭ್ಯವಿದೆ.

ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಸ್ವಯಂಸ್ಪಂದನದ ಸ್ವರೂಪವೇ ದಾರಿತೋರುಕವಾಗಬಲ್ಲದು. ಸೂಕ್ಷ್ಮ ವಿದ್ಯುದ್ವಾರವು ಇಳಿಯುತ್ತಿರುವಂತೆ ಅದರ ಸಂಕೇತವನ್ನು ಧ್ವನಿವರ್ಧಕದ ಮೂಲಕ ಕೇಳಿಸಲಾಗುತ್ತದೆ. ಹಿನ್ನೆಲೆಯ ಸದ್ದು ಏರಿ ಅನಿಯಮಿತ, ಒತ್ತಾದ ಸ್ಪಂದಗಳು ಕೇಳಿಬಂದಾಗ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ತಲುಪಿದ ಸೂಚನೆ ದೊರೆಯುತ್ತದೆ. ಪ್ಯಾಲಿಡಸ್‌ನ ಭಾಗಗಳ ಅಂಚಿನಲ್ಲಿರುವ ಗಡಿಕೋಶಗಳನ್ನು ಅವುಗಳ ಅತ್ಯಂತ ಕ್ರಮಬದ್ಧ ಮಿಡಿತದಿಂದ ಗುರುತಿಸಬಹುದು.

ಪ್ರಚೋದನೆಯು ನರಕೋಶಗಳನ್ನು ಕೇವಲ ಮೌನಗೊಳಿಸುತ್ತದೆ ಎಂಬ ಆರಂಭಿಕ ಊಹೆ ಪೂರ್ತಿ ನಿಲ್ಲಲಿಲ್ಲ. 2003ರಲ್ಲಿ ಹಾಶಿಮೊಟೊ ಮತ್ತು ಸಂಗಡಿಗರು ಕೋತಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಪರಿಣಾಮಕಾರಿ ಪ್ರಚೋದನೆಯ ವೇಳೆ ಪ್ಯಾಲಿಡಸ್‌ನ ದರ ಏರಿತು. ಆದರೆ ಸ್ಪಂದನ ಹೆಚ್ಚು ಕ್ರಮಬದ್ಧವಾಯಿತು. 2010ರ ಅಧ್ಯಯನವೊಂದರಲ್ಲಿ ಸಮಾನ ಸರಾಸರಿ ದರದ ಕ್ರಮಬದ್ಧ ಮಿಡಿತಗಳು ಚಲನೆಯ ನಿಧಾನವನ್ನು ತಗ್ಗಿಸಿದರೆ, ಅನಿಯಮಿತ ಮಿಡಿತಗಳು ಅಷ್ಟು ಫಲ ನೀಡಲಿಲ್ಲ. ಬೀಟಾ ಆಂದೋಲನಗಳನ್ನು ಅಳೆದು ಪ್ರಚೋದನೆಯ ಪ್ರಮಾಣವನ್ನು ತಾನಾಗಿ ಹೊಂದಿಸಿಕೊಳ್ಳುವ ಸಾಧನಗಳೂ ಈಗ ಬಳಕೆಗೆ ಬಂದಿವೆ.

ಚರ್ಚೆಯಲ್ಲಿರುವ ಪ್ರಶ್ನೆಗಳು

ಬೀಟಾ ಆಂದೋಲನಗಳು ರೋಗಲಕ್ಷಣಗಳ ಕಾರಣವೇ ಅಥವಾ ಡೋಪಮೈನ್ ಕೊರತೆಯ ಇನ್ನೊಂದು ಪರಿಣಾಮ ಮಾತ್ರವೇ ಎಂಬ ಬಗ್ಗೆ ಒಮ್ಮತವಿಲ್ಲ. ಕೋತಿಗಳಲ್ಲಿ ಚಲನೆಯ ಲಕ್ಷಣಗಳು ಆಂದೋಲನಗಳಿಗಿಂತ ಮೊದಲೇ ಕಾಣಿಸಿಕೊಂಡ ವರದಿಗಳಿವೆ. ಪ್ರಚೋದನೆಯಿಂದ ಬರುವ ಕ್ರಮಬದ್ಧತೆಯು ಆರೋಗ್ಯಕರ ಏರುಪೇರನ್ನು ಮರಳಿಸುವುದಿಲ್ಲ. ರೋಗದ ಲಯವನ್ನು ಅಳಿಸಿ ಅದರ ಜಾಗದಲ್ಲಿ ಅರ್ಥವಿಲ್ಲದ, ಆದರೆ ಹಾನಿಯಿಲ್ಲದ ಲಯವನ್ನು ಇರಿಸುತ್ತದೆ ಎಂಬ ಅಭಿಪ್ರಾಯವಿದೆ. ಹಾಗಾದರೆ ಕಳೆದುಹೋದ ಸ್ವಾತಂತ್ರ್ಯವನ್ನೇ ನರಕೋಶಗಳಿಗೆ ಹಿಂದಿರುಗಿಸಬಲ್ಲ ಚಿಕಿತ್ಸೆ ಸಾಧ್ಯವೇ ಎಂಬುದು ಈ ಕ್ಷೇತ್ರದ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಏಕತಾಳವನ್ನು ಒಡೆಯಲೆಂದೇ ಬೇರೆಬೇರೆ ಬಿಂದುಗಳಲ್ಲಿ ಸಮಯ ತಪ್ಪಿಸಿ ಮಿಡಿತಗಳನ್ನು ನೀಡುವ ವಿಧಾನಗಳನ್ನು ಈ ಉದ್ದೇಶದಿಂದ ಪರೀಕ್ಷಿಸಲಾಗುತ್ತಿದೆ.

ಇವನ್ನೂ ನೋಡಿ

ನರಕೋಶ
ಡೋಪಮೈನ್
ಪಾರ್ಕಿನ್‌ಸನ್ ಕಾಯಿಲೆ
ಥಲಾಮಸ್
ಆಳ ಮಿದುಳಿನ ಪ್ರಚೋದನೆ